ಕೊಟ್ಟವರ ಸಹಿ

ಮೊನ್ನೆ, ಈಗ ನಾನಿರುವ ಅಡಿಲೇಡಿನ ಗ್ಲೆನೆಲ್ಗ್‌ನ ಔಷಧಿ ಅಂಗಡಿಯಲ್ಲಿ ಫ್ಲೂ ಇಂಜೆಕ್ಷನ್‌ಗೆಂದು ಅಂಗಿಯ ತೋಳು ಮೇಲೇರಿಸಿ ಕೂತಿದ್ದೆ. ಅಲ್ಲಿನ ಹುಡುಗಿ ಸ್ಪಿರಿಟ್ ಹತ್ತಿಯ ಪುಟ್ಟ ಪೊಟ್ಟಣ ಹರಿದಳು ನೋಡಿ, ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಡಿಲೇಡಿನಲ್ಲಿ ಇರಲೇ ಇಲ್ಲ. ಆರೇಳು ವರ್ಷ ಹಿಂದಕ್ಕೆ ಹೋಗಿ, ಪರ್ತಿನ ಒಂದು ಆಸ್ಪತ್ರೆಯ ಮದ್ದಿನ ಕೋಣೆಯಲ್ಲಿ ಶೋಭಾ ಅಕ್ಕನ ಎದುರು ನಿಂತಿದ್ದೆ. ಬೇರೆ ಹೆಂಗಸರಿಗೆ ಮಲ್ಲಿಗೆಯೋ ಮಣ್ಣೋ ನೆನಪು ತರುತ್ತದಂತೆ. ನರ್ಸುಗಳ ಹಣೆಬರಹ ಇಷ್ಟೇ.

ಮೊದಲು ನನ್ನ ಜಂಬದ ಕಥೆ ಹೇಳಿಬಿಡುತ್ತೇನೆ. ಮೈಸೂರಿನ ನರ್ಸಿಂಗ್ ಹೋಮಿನಲ್ಲಿ ಹನ್ನೆರಡು ವರ್ಷ ದುಡಿದವಳು ನಾನು. ಯಾರಿಗೂ ನರ ಸಿಗದಿದ್ದರೆ ಡಾಕ್ಟರೇ ನನ್ನನ್ನು ಕರೆಸುತ್ತಿದ್ದರು. ಗಂಡನ ವೀಸಾ ಹಿಡಿದು ಪರ್ತಿಗೆ ಬಂದು, ಅಲ್ಲಿನ ಜೂಂಡಲಪ್‌ನಲ್ಲಿ ಮನೆ ಮಾಡಿ, ನನ್ನ ಕಾಗದಪತ್ರ ನರ್ಸಿಂಗ್ ಮಂಡಳಿಗೆ ಕಳಿಸಿದರೆ, ನಿಮ್ಮ ಓದು ರಿಜಿಸ್ಟರ್ಡ್ ನರ್ಸಿಗೆ ಸಾಲದು ಎಂದರು. ಇನ್ನೊಮ್ಮೆ ಕಾಲೇಜಿಗೆ ಹೋಗಿ ಎನ್ರೋಲ್ಡ್ ನರ್ಸ್ ಆದೆ, ಅಂದರೆ ಒಂದು ಮೆಟ್ಟಿಲು ಕೆಳಗೆ. ಮಾತ್ರೆ ಕೊಡಬಹುದು, ಗಾಯಕ್ಕೆ ಪಟ್ಟಿ ಕಟ್ಟಬಹುದು. ರಕ್ತನಾಳಕ್ಕೆ ನೇರ ಹೋಗುವ ಮದ್ದನ್ನು ಮಾತ್ರ ಕೊಡುವಂತಿಲ್ಲ. ಅದಕ್ಕೆ ಪ್ರತ್ಯೇಕ ಪಾಠ, ಪ್ರತ್ಯೇಕ ಪರೀಕ್ಷೆ ಇತ್ತು. ನಾನು ತೆಗೆದುಕೊಂಡಿರಲಿಲ್ಲ. ಇವರೇನು ನನಗೆ ಡ್ರಿಪ್ ಹಾಕುವುದನ್ನು ಕಲಿಸುವುದು ಎಂಬ ಕೊಬ್ಬು, ಮತ್ತೇನು!

ಕೊಬ್ಬಿನ ಫಲ ದಿನಾ ಉಣ್ಣುತ್ತಿದ್ದೆ. ನನ್ನ ರೋಗಿಗೆ ಆ್ಯಂಟಿಬಯೋಟಿಕ್ ಹೊತ್ತಾದಾಗಲೆಲ್ಲ ಕಾರಿಡಾರಿನಲ್ಲಿ ನಿಂತು, "ಸ್ವಲ್ಪ ಬಂದು ಕೊಡ್ತೀರಾ?" ಎಂದು ಯಾರನ್ನಾದರೂ ಬೇಡಬೇಕು. ನನ್ನ ಅರ್ಧ ವಯಸ್ಸಿನ ರಿಜಿಸ್ಟರ್ಡ್ ನರ್ಸುಗಳು ಬಂದು ಕೊಡುವಾಗ ನಾನು ಪಕ್ಕದಲ್ಲಿ ಟ್ರೇ ಹಿಡಿದು ನಿಲ್ಲುತ್ತಿದ್ದೆ. ಕೈ ತುರಿಸುತ್ತಿತ್ತು.

ಶೋಭಾ ಅಕ್ಕ ಆ ವಾರ್ಡಿನ ಹಿರಿಯ ರಿಜಿಸ್ಟರ್ಡ್ ನರ್ಸು, ಬೆಂಗಳೂರಿನವರು. ನನಗೆ ಆ ಕೆಲಸ ಇದೆಯೆಂದು ತಿಳಿಸಿದವರು, ಮೊದಲ ತಿಂಗಳಿಡೀ ತಮ್ಮ ಕಾರಿನಲ್ಲಿ ಕರೆದುಕೊಂಡು ಹೋದವರು, ಡಬ್ಬಿಯಲ್ಲಿ ಬಿಸಿಬೇಳೆಬಾತ್ ತಂದು ತಿನ್ನಿಸಿದವರು. ಅಂಥವರು ಒಂದು ಮಧ್ಯಾಹ್ನ, ವಾರ್ಡು ಗಿಜಿಗುಡುತ್ತಿದ್ದಾಗ, ಕಲಸಿಟ್ಟ ಮದ್ದಿನ ಸಿರಿಂಜನ್ನು ನನ್ನ ಕೈಗೆ ಕೊಟ್ಟರು.

"ಆರನೇ ಬೆಡ್‌ಗೆ ಹಾಕ್ಬಿಡೇ. ಮೈಸೂರಲ್ಲಿ ಸಾವಿರ ಹಾಕಿದ್ದೀಯ. ಚಾರ್ಟಲ್ಲಿ ನಾನು ಸೈನ್ ಮಾಡ್ತೀನಿ."

ಅಕ್ಕ ಹೇಳಿದ ಮೇಲೆ ಇಲ್ಲವೆನ್ನುವುದುಂಟೇ? ತೆಗೆದುಕೊಂಡು ಆರನೇ ಬೆಡ್‌ವರೆಗೂ ನಡೆದೆ. ಅವರ ಕೈಗೆ ಚುಚ್ಚಿಟ್ಟಿದ್ದ ಕ್ಯಾನುಲಾ ನಳಿಕೆಯ ಬಾಯಿ ಒರೆಸಿಯೂ ಆಯಿತು. ಆಗ ಸಿರಿಂಜು ಹಿಡಿದ ಕೈಯನ್ನು ಹಿಂದಕ್ಕೆ ತೆಗೆದೆ. ಈ ಮನುಷ್ಯನಿಗೆ ಮೈಮೇಲೆ ದದ್ದು ಎದ್ದರೆ, ಉಸಿರು ಕಟ್ಟಿದರೆ, ಓಡಿಬರುವ ಡಾಕ್ಟರು ಚಾರ್ಟು ನೋಡಿ ಅಕ್ಕನನ್ನು ಕೇಳುತ್ತಾರೆ. ಅಕ್ಕ ಇಲ್ಲಿ ಇರಲೇ ಇಲ್ಲವಲ್ಲ! ಎಷ್ಟು ಹೊತ್ತಿನಲ್ಲಿ ಕೊಟ್ಟೆ, ಎಷ್ಟು ಹೋಗಿತ್ತು, ಅವರೇನು ಹೇಳಿಯಾರು? ಇಬ್ಬರ ನರ್ಸಿಂಗೂ ಅಲ್ಲಿಗೆ ಮುಗಿಯಿತು.

ವಾಪಸ್ ಬಂದೆ. "ಅಕ್ಕಾ, ಕ್ಷಮಿಸಿ. ನನ್ನಿಂದ ಆಗಲ್ಲ. ಅದು ನನ್ನ ಸ್ಕೋಪಲ್ಲಿಲ್ಲ. ರೂಲ್ ಅಂದ್ರೆ ರೂಲೇ."

"ಓಹೋ!" ಎಂದರು ಅಕ್ಕ. ಸಿರಿಂಜು ಕಸಿದುಕೊಂಡು ತಾವೇ ಹೋದರು. ಮರುದಿನದಿಂದ ಡಬ್ಬಿ ಬಂದ್, ಮಾತೂ ಬಂದ್. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಅದೇ ಸಿಟ್ಟಿನಲ್ಲಿ ಹೋಗಿ ರಕ್ತನಾಳದ ಮದ್ದಿನ ಆ ಪಾಠಕ್ಕೆ ಹೆಸರು ಕೊಟ್ಟೆ. ಇನ್ನು ಯಾರ ಮುಂದೂ ಟ್ರೇ ಹಿಡಿದು ನಿಲ್ಲುವುದಿಲ್ಲ ಎಂಬುದೊಂದೇ ಹಟ.

ಪಾಠ ಸುಲಭವಿತ್ತು, ಬರೆಯುವ ಪರೀಕ್ಷೆಯೂ ಪಾಸಾಯಿತು. ಉಳಿದದ್ದು ವಾರ್ಡಿನಲ್ಲಿ ಮಾಡಿ ತೋರಿಸುವ ಪರೀಕ್ಷೆ. ಪೀಕಲಾಟ ಏನೆಂದರೆ, ಮಾಡುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಮಾಡಬೇಕು. ಮೈಸೂರಿನಲ್ಲಿ ಇಂಜೆಕ್ಷನ್ ಕೊಡುವಾಗ ಯಾರು ಭಾಷಣ ಮಾಡುತ್ತಿದ್ದರು? ಅಡುಗೆಮನೆಯಲ್ಲಿ ಎಣ್ಣೆ ಬಾಟಲಿಯನ್ನೇ ರೋಗಿಯೆಂದು ಭಾವಿಸಿ ಇಂಗ್ಲಿಷಿನಲ್ಲಿ ಒದರುತ್ತಿದ್ದೆ. ಹತ್ತು ವರ್ಷದ ಮಗಳು ಗಡಿಯಾರ ಹಿಡಿದು, "ಟೂ ಫಾಸ್ಟ್, ಅಮ್ಮಾ. ಸ್ಟಾರ್ಟ್ ಅಗೇನ್" ಎನ್ನುತ್ತಿದ್ದಳು. ಹುಳಿ ತಳ ಹಿಡಿದದ್ದಕ್ಕೆ ಲೆಕ್ಕವಿಲ್ಲ.

ಪರೀಕ್ಷೆ ಮಾಡುವ ಅಧಿಕಾರ ನಮ್ಮ ವಾರ್ಡಿನಲ್ಲಿ ಇದ್ದದ್ದು ಯಾರಿಗೆ ಹೇಳಿ? ಶೋಭಾ ಅಕ್ಕನಿಗೆ! ರೋಗಿ, ನಾನು ನಾಲ್ಕು ದಿನದಿಂದ ನೋಡಿಕೊಳ್ಳುತ್ತಿದ್ದ ಎಂಬತ್ತರ ಮುದುಕರು. "ಗುಡ್ ಮಾರ್ನಿಂಗ್, ಅಂಕಲ್" ಎಂದೆ. ಮದ್ದು, ಪ್ರಮಾಣ, ಹೊತ್ತು ಎಲ್ಲ ಪಟಪಟ ಹೇಳಿದೆ. ಕ್ಯಾನುಲಾಕ್ಕೆ ಕೈ ಹಾಕುವಷ್ಟರಲ್ಲಿ ಅಕ್ಕ, "ಸ್ಟಾಪ್" ಎಂದರು. ಹೊರಗೆ ಕರೆದುಕೊಂಡು ಹೋದರು.

"ಹೆಸರು ಕೇಳಿದ್ಯಾ? ಹುಟ್ಟಿದ ದಿನ? ಕೈಪಟ್ಟೀಲಿ ಹೆಸರು ನೋಡಿದ್ಯಾ?"

"ಅಕ್ಕಾ, ನಾಲ್ಕು ದಿನದಿಂದ ಗೊತ್ತಿರೋರು. ಅಷ್ಟು ದೊಡ್ಡೋರ ಮುಖ ನೋಡ್ಕೊಂಡು ನಿಮ್ಮ ಹೆಸರೇನು ಅಂತ ಹೇಗೆ ಕೇಳೋದು?"

"ನಂಗೂ ಮೊದಮೊದ್ಲು ಹಂಗೇ ಅನಿಸ್ತಿತ್ತು ಕಣೇ. ಆದ್ರೆ ರೂಲ್ ಅಂದ್ರೆ ರೂಲೇ ಅಂತ ನೀನೇ ಹೇಳಿದ್ದು ತಾನೇ? ಫೇಲ್."

ಸೇಡು ತೀರಿಸಿಕೊಂಡಳು ಮಹಾತಾಯಿ ಎಂದು ಮನೆಗೆ ಬಂದು ಗಂಡನ ಮುಂದೆ ಹಾರಾಡಿದೆ. ಮಗಳು ಮಾತ್ರ, "ಬಟ್ ಅಮ್ಮಾ, ಶಿ ಈಸ್ ರೈಟ್" ಎಂದಳು. ಉರಿಯುತ್ತಿದ್ದ ಮೈಗೆ ಇನ್ನಷ್ಟು ಉರಿ. ಆದರೂ ಹತ್ತು ದಿನ ಎಣ್ಣೆ ಬಾಟಲಿಯ ಹೆಸರು ಕೇಳುತ್ತಲೇ ಅಡುಗೆ ಮಾಡಿದೆ.

ಎರಡನೇ ಸಲ ಒಬ್ಬ ಅಜ್ಜಿ. ಹೆಸರು ಕೇಳಿದೆ, ಹುಟ್ಟಿದ ದಿನ ಕೇಳಿದೆ, ಕೈಪಟ್ಟಿ ಓದಿದೆ, ಅಲರ್ಜಿ ಕೇಳಿದೆ. ಅಜ್ಜಿಗೆ ಬೇಸರವಾಗುವುದಿರಲಿ, ಖುಷಿಯಾಗಿ ತಮ್ಮ ಹುಟ್ಟಿದೂರಿನ ಪುರಾಣವನ್ನೂ ಹೇಳಿದರು! ಮದ್ದು ನಿಧಾನವಾಗಿ ಒಳಗೆ ಹೋಯಿತು. ಅಕ್ಕ ಚಾರ್ಟನ್ನು ನನ್ನತ್ತ ತಳ್ಳಿದರು. ಪರೀಕ್ಷಿಸಿದವರು ಎಂಬ ಕಡೆ ಅವರ ಸಹಿ ಆಗಲೇ ಬಿದ್ದಿತ್ತು. ಕೊಟ್ಟವರು ಎಂಬ ಕಡೆ ಖಾಲಿ. ಅಲ್ಲಿ ನನ್ನ ಹೆಸರನ್ನು ಬರೆದೆ, ಪೂರ್ತಿ ಹೆಸರನ್ನು, ಗೆರೆ ದಾಟಿ ಹೋಗುವಷ್ಟು ದೊಡ್ಡದಾಗಿ. ಗೆದ್ದೆ ಕಣ್ರೀ! ಹನ್ನೆರಡು ವರ್ಷ ಮೈಸೂರಿನಲ್ಲಿ ಕೊಟ್ಟ ಯಾವ ಇಂಜೆಕ್ಷನ್ನೂ ನನ್ನನ್ನು ಹಾಗೆ ಕುಣಿಸಿರಲಿಲ್ಲ.

ಅಕ್ಕ ಈಗ ಬ್ರಿಸ್ಬೇನಿನ ಸನ್ನಿಬ್ಯಾಂಕ್‌ನಲ್ಲಿದ್ದಾರೆ. ಈ ಕಥೆಯನ್ನು ಇಷ್ಟು ವರ್ಷ ಎಲ್ಲರಿಗೂ, ನಾನು ಹೇಗೆ ಅಕ್ಕನಿಗೆ ಆಗಲ್ಲ ಎಂದೆ ಎಂದೇ ಹೇಳಿಕೊಂಡು ಬಂದಿದ್ದೆ. ಮೊನ್ನೆ ತೋಳು ಉಜ್ಜಿಕೊಳ್ಳುತ್ತ ಟ್ರಾಮಿಗೆ ಕಾಯುವಾಗ ಮೊದಲ ಸಲ ಹೊಳೆಯಿತು: ಮಾತು ಬಿಟ್ಟಿದ್ದ ಆ ಹೆಂಗಸು, ನನ್ನನ್ನು ಸುಮ್ಮನೆ ಪಾಸು ಮಾಡಿ ರಾಜಿಯಾಗಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಅಲ್ಲೇ ನಿಂತು ಫೋನ್ ಮಾಡಿದೆ.

"ಅಕ್ಕಾ, ಅವತ್ತು ನನ್ನ ಫೇಲ್ ಮಾಡಿದ್ರಲ್ಲ, ಅದಕ್ಕೆ ಥ್ಯಾಂಕ್ಸ್."

ಆ ಕಡೆ ಅಕ್ಕ ಮೂಗು ಏರಿಸಿಕೊಂಡು ಹೇಳಿದರು, "ನೀನು ಸಿರಿಂಜ್ ವಾಪಸ್ ತಂದ್ಯಲ್ಲ, ಅವತ್ತಿಂದ ನಾನು ಯಾರ ಪರವಾಗೂ ಸೈನ್ ಮಾಡಿಲ್ಲ ಕಣೇ."