ನಾಲ್ಕು ಮಷೀನುಗಳ ಖಂಡೇಪೂಜೆ

ಪರದೇಶದಲ್ಲಿ ನಾವು ಜೆರಾರ್ಡ್ ಇಂಡಿಯಾ ಬಜಾರ್ ಎಂಬ ನಮ್ಮವರ ಅಂಗಡಿಬೀದಿಯ ಹತ್ತಿರ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದ ದಿನಗಳವು. ಇಡೀ ಬಿಲ್ಡಿಂಗಿಗೆ ಬೇಸ್‌ಮೆಂಟಿನಲ್ಲಿ ನಾಲ್ಕೇ ವಾಷಿಂಗ್ ಮಷೀನು. ಆ ಕೋಣೆಯ ಬೆಚ್ಚನೆಯ ಸೋಪಿನ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಧಾರವಾಡದಿಂದ ಬಂದಿದ್ದ ಆಯಿ, ನನ್ನಪ್ಪನ ತಾಯಿ, ಅಲ್ಲಿಗೆ ಇಳಿದಾಗಲೆಲ್ಲ ಮಷೀನಿನ ಮೈ ಸವರುತ್ತಿದ್ದಳು. ಜನ್ಮವಿಡೀ ಕಲ್ಲಿನ ಮೇಲೆ ಬಟ್ಟೆ ಒಗೆದು ಅವಳ ಬೆರಳು ಸೊಟ್ಟಗಾಗಿದ್ದವು.

ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ದಿನ ಆಯಿ ನಾಲ್ಕೂ ಮಷೀನಿಗೆ ಅರಿಶಿನ ಕುಂಕುಮ ಹಚ್ಚಿ ಚೆಂಡುಹೂ ಏರಿಸಿದಳು. ತಾಟು ಹಿಡಿದು ನಿಂತವಳು ಹತ್ತು ವರ್ಷದ ನಾನೇ.

"ಎಷ್ಟು ಮಂದಿ ಹೊಲಸು ತೊಳೀತಾವ ಇವು! ಕೈ ಮುಗಿಯವ್ವಾ," ಅಂದಳು. ಮುಗಿದೆ. ಆಮೇಲೆ ಬೆಲ್ಲ ತಿಂದೆ.

ಮರುದಿನ ಲಿಫ್ಟಿನ ಪಕ್ಕ ನೋಟೀಸು: 'ವ್ಯಾಂಡಲಿಸಂ. ಮಾಡಿದವರು ಗೊತ್ತಿದ್ದರೆ ತಿಳಿಸಿ.' ನಾವು ಬಟ್ಟೆಬುಟ್ಟಿ ಹಿಡಿದು ಕೆಳಗಿಳಿದಾಗ ಬಿಲ್ಡಿಂಗ್ ನೋಡಿಕೊಳ್ಳುವವನು ಕುಂಕುಮ ತಿಕ್ಕುತ್ತಿದ್ದ.

"ಡು ಯು ನೋ ಹೂ ಡಿಡ್ ದಿಸ್?" ಅಂತ ನನ್ನನ್ನೇ ಕೇಳಿದ.

"ನೋ," ಅಂದೆ. ಅಯ್ಯೋ, ಎಷ್ಟು ಸಲೀಸಾಗಿ ಬಂತು ಆ ಮಾತು!

"ಏನಂತಾನವ್ವಾ ಅಂವಾ?" ಆಯಿ ಕೇಳಿದಳು.

"ಏನಿಲ್ಲ ಆಯಿ. ಮಷೀನು ಒರಸಾಕತ್ತಾನ."

"ಛಲೋ ಮನಷ್ಯಾ, ಪಾಪ."

ಅವನು ಹೂವನ್ನು ಕಸದ ಡಬ್ಬಿಗೆ ಎಸೆದಾಗ ಅವಳ ನಗು ಹೋಯಿತು.

ಶಾಲೆಯಲ್ಲಿ ನೋಟೀಸಿನ 'ವ್ಯಾಂಡಲಿಸಂ' ಪದದ ಅರ್ಥ ಕೇಳಿದೆ. ಬೇಕಂತಲೇ ಹಾಳುಗೆಡವುವುದು ಅಂದರು ಟೀಚರು. ಬಹಳ ಹಿಂದೆ ವ್ಯಾಂಡಲ್ಸ್ ಅಂತ ಒಂದು ಜನವಿತ್ತಂತೆ. ಹೆಂಡರು ಮಕ್ಕಳ ಸಮೇತ ನೆಲೆ ಹುಡುಕಿ ಅಲೆದವರು. ರೋಮ್ ಲೂಟಿ ಮಾಡಿದ್ದು ನಿಜ, ಆದರೆ ಲೂಟಿ ಮಾಡಿದವರು ಅವರೊಬ್ಬರೇ ಅಲ್ಲ. ಅವರ ಕಥೆ ಬರೆದವರೆಲ್ಲ ಬೇರೆಯವರು, ಹಾಗಾಗಿ ಹೆಸರೇ ಬೈಗುಳವಾಯಿತು. ಊಟಕ್ಕೆ ಕೂತಾಗ ತಡೆಯಲಾರದೆ ಈ ಕಥೆ, ಆ ನೋಟೀಸು, ಎರಡನ್ನೂ ಆಯಿಗೆ ಹೇಳಿಬಿಟ್ಟೆ.

"ನಾವು ಹಂಗಲ್ಲಪಾ ಅಂತ ಅವರ ಪೈಕಿ ಒಬ್ಬರೂ ಹೇಳಲಿಲ್ಲೇನು?"

"ಗೊತ್ತಿಲ್ಲ ಆಯಿ."

"ನೀ ಏನಂದಿ ಅಂವಗ?"

ನಾನು ಕಲಸಿದ ಅನ್ನವನ್ನೇ ಮತ್ತೆ ಕಲಸಿದೆ. ಆಯಿ ಬೈಯಲಿಲ್ಲ. ನನ್ನ ಅನ್ನಕ್ಕೆ ಇನ್ನಷ್ಟು ತುಪ್ಪ ಬಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಅವಳು ಬೇಸ್‌ಮೆಂಟಿಗೆ ಇಳಿಯಲೇ ಇಲ್ಲ. ಅದೇ ಸೊಟ್ಟ ಬೆರಳುಗಳಿಂದ ಬಾತ್‌ಟಬ್ಬಿನಲ್ಲಿ ತನ್ನ ಸೀರೆ ತಾನೇ ಒಗೆದುಕೊಂಡಳು. ವೀಸಾ ಮುಗಿದು ಧಾರವಾಡಕ್ಕೆ ಹೋದವಳು ಮತ್ತೆ ಬರಲಿಲ್ಲ, ಅಲ್ಲೇ ತೀರಿಕೊಂಡಳು.

ಈಗ ಊರಾಚೆಯ ವುಡ್‌ಬ್ರಿಡ್ಜಿನಲ್ಲಿ ನನ್ನದೇ ಮನೆ, ನನ್ನದೇ ಮಷೀನು. ಪ್ರತಿ ಖಂಡೇಪೂಜೆಗೆ ಕುಂಕುಮ ಹಚ್ಚುತ್ತೇನೆ, ಯಾರೂ ಅಳಿಸುವುದಿಲ್ಲ. ನಮ್ಮ ಆಯಿ ಮಾಡಿದ್ದು, ಮಷೀನಿಗೆ ಕೈ ಮುಗಿಯಲು ಮಾಡಿದ್ದು ಎಂದು ಹೇಳುವ ಧೈರ್ಯ ಈಗ ನನಗಿದೆ. ಯಾರು ಮಾಡಿದ್ದು ಎಂದು ಕೇಳುವವರೇ ಇಲ್ಲ.