ತಾರೆಯ ಮನೆಯ ರದ್ದಿ

ನಮ್ಮ ಮನೆಯಲ್ಲಿ ಕಾಗದ ಬಚ್ಚಿಡುವುದು ಚಿನ್ನ ಬಚ್ಚಿಡುವುದಕ್ಕಿಂತ ಕಷ್ಟ. ನನ್ನ ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಅವಳ ಕಣ್ಣಿಗೆ ಬಿದ್ದ ರದ್ದಿಯೆಲ್ಲ ನೀರಿನಲ್ಲಿ ನೆನೆದು, ಮೆಂತ್ಯದ ಜೊತೆ ಒರಳಿನಲ್ಲಿ ಕುಟ್ಟಿಸಿಕೊಂಡು, ಬೋರಲು ಹಾಕಿದ ಕೊಡದ ಮೇಲೆ ಮೆತ್ತಿಸಿಕೊಂಡು ಬುಟ್ಟಿಯಾಗುತ್ತಿತ್ತು. ಗೋಕಾಕದ ನಮ್ಮ ಓಣಿಯಲ್ಲಿ ಆಯಿಯ ಬುಟ್ಟಿ ಇಲ್ಲದ ಅಡುಗೆಮನೆ ಇರಲಿಲ್ಲ.

ಅಂಥ ಮನೆಯಲ್ಲಿ, ಹದಿನೈದರ ಹುಡುಗಿ ನಾನು, ಒಬ್ಬ ತಾರೆಯ ಕಾಗದ ಕೂಡಿಹಾಕುತ್ತಿದ್ದೆ. ಆಕೆ ನಮ್ಮ ಹಿಂದಿನ ಓಣಿಯವಳೇ. ನಾಟಕ ಕಂಪನಿ ಸೇರಿ, ಅಲ್ಲಿಂದ ಕೊಲ್ಹಾಪುರಕ್ಕೆ ಹೋಗಿ, ಬೋಲಪಟಗಳಲ್ಲಿ, ಅಂದರೆ ಮಾತಾಡುವ ಸಿನಿಮಾಗಳಲ್ಲಿ, ದೊಡ್ಡ ಹೆಸರು ಮಾಡಿದ್ದಳು. ಕೆಲಸವಿಲ್ಲದಾಗ ಊರಿಗೆ ಬಂದು ತಿಂಗಳುಗಟ್ಟಲೆ ಇರುತ್ತಿದ್ದಳು. ಯುದ್ಧದ ಕಾಲ, ಕಾಗದ ತುಟ್ಟಿ. ಆಕೆಯ ಮನೆಯ ರದ್ದಿ ಕಿರಾಣಿ ಅಂಗಡಿಗೆ ಬಂದು ಪೊಟ್ಟಣವಾಗುತ್ತಿತ್ತು.

"ನಿನಗ ಬೆಲ್ಲ ಬೇಕೋ, ಕಾಗದ ಬೇಕೋ?" ಎಂದು ಅಂಗಡಿಯವರು ಕಾಡುತ್ತಿದ್ದರು.

"ಕಾಗದ ನನಗ್ರಿ, ಬೆಲ್ಲ ಮನಿಗೆ."

ಹೀಗೆ ಮೂರು ವರ್ಷದಲ್ಲಿ ಒಂದು ಚೀಲ ತುಂಬಿತ್ತು. ತೋಳಿನ ಅಳತೆಯನ್ನು ಎರಡು ಸಲ ಹೊಡೆದು ತಿದ್ದಿದ ಸಿಂಪಿಗನ ಚೀಟಿ, ಕೆಮ್ಮಿಗೆ ಡಾಕ್ಟರು ಬರೆದುಕೊಟ್ಟದ್ದು, ಅಗಸರಿಗೆ ಹಾಕಿದ ಬಟ್ಟೆಯ ಯಾದಿಗಳು. ಪರದೆಯ ಮೇಲೆ ಜರಿಸೀರೆ ಉಟ್ಟು ಅಳುವವಳು ಯಾದಿಯಲ್ಲಿ "ಹಸಿರು ಸೀರಿ, ಸೆರಗು ಹರದೈತಿ, ಭಾಳ ತಿಕ್ಕಬ್ಯಾಡ" ಎಂದು ಬರೆದಿದ್ದಳು. ಅದನ್ನು ಓದಿದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೂಡಲಗಿಯ ಗೆಳತಿಯೊಬ್ಬಳು ಆಕೆಯ ಚಿತ್ರ ಅಂಟಿಸಿಕೊಂಡು ಮೆರೆಯುತ್ತಿದ್ದಳು. ಚಿತ್ರ ಯಾರಿಗಾದರೂ ಸಿಗುತ್ತದೆ, ಹರಿದ ಸೆರಗು ನನಗೊಬ್ಬಳಿಗೇ ಗೊತ್ತು ಎಂದು ನನಗೆ ಒಳಗೊಳಗೇ ಸೊಕ್ಕು.

ಒಮ್ಮೆ ಹುಕ್ಕೇರಿಯ ಅತ್ತೆಯ ಮನೆಯಲ್ಲಿ ತೊಟ್ಟಿಲ ಕಾರ್ಯ. ಎಂಟು ದಿನ ಉಂಡು ಕುಣಿದು ಮರಳಿ ಬಂದರೆ ಅಂಗಳದಲ್ಲಿ ಎರಡು ಹೊಸ ಬುಟ್ಟಿ ಒಣಗುತ್ತಿದ್ದವು. ಜೋಳದ ಚೀಲಗಳ ಹಿಂದೆ ಓಡಿ ನೋಡಿದೆ. ನನ್ನ ಚೀಲ ಖಾಲಿ.

"ಬೆಲ್ಲ ಹತ್ತಿದ್ದ ಕಾಗದ, ಇರುವಿ ಮುತ್ತಿದ್ವು. ರದ್ದಿ ಅಂತ ತಿಳದ್ನೆವ್ವಾ," ಎಂದಳು ಆಯಿ.

ನಾನು ಬಾಯಿಗೆ ಬಂದಂತೆ ಅಂದೆ. ಹಿರಿಯರೆಂದು ನೋಡಲಿಲ್ಲ. ಅವು ಯಾರ ಕಾಗದ, ಎಷ್ಟು ವರ್ಷದ್ದು, ಎಲ್ಲ ಹೇಳಿ, ರೊಟ್ಟಿ ಒಲ್ಲೆನೆಂದು ಮುಸುಕು ಹಾಕಿ ಮಲಗಿದೆ.

ಮರುದಿನ ಮಧ್ಯಾಹ್ನ ಅವಳು ತಲೆಯ ಮೇಲೆ ಸೆರಗು ಹೊದ್ದು ಹೊರಟಳು. ಒಬ್ಬರ ಮುಂದೆ ಹಿಡಿ ಉಪ್ಪು ಬೇಕೆಂದು ಕೈಯೊಡ್ಡಿದವಳಲ್ಲ. ಒಂದು ತಾಸಿಗೆ ಬಂದು ನನ್ನ ಮುಂದೆ ಉಡಿ ಬಿಚ್ಚಿದಳು. ರಾಶಿ ಕಾಗದ!

"ಆಕಿ ಮನಿಗೆ ಹೋಗಿದ್ದೆ. ಶಾಯಿ ಕಂಡದ್ದೆಲ್ಲಾ ತಂದೇನಿ. ಇದ್ರಾಗ ನಿನಗ ಬೇಕಾದ್ದು ಯಾವ್ದು, ನೋಡ್ಕೊ."

"ಆಕಿ ಏನಂದ್ಳು?"

"ನಕ್ಕೋತ ಒಂದ ಫೋಟೋ ತಗದು ಸಹಿ ಮಾಡಾಕ ನಿಂತ್ಳು. ನಾ ಬ್ಯಾಡಂದೆ."

"ಬ್ಯಾಡಂದ್ಯಾ!" ಎಂದು ಚೀರಿದೆ. ಮೂಡಲಗಿಯ ಗೆಳತಿಯ ಮುಖ ಕಣ್ಣ ಮುಂದೆ ಬಂದು ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆಯಿಗೆ ನಿಜವಾಗಿ ಆಶ್ಚರ್ಯವಾಯಿತು. "ನೀ ಎಂದರ ಫೋಟೋ ಕೂಡಿಸಿಟ್ಟಿದ್ದೇನ? ನಮ್ಮ ಹುಡುಗಿಗೆ ನೀ ಚೆಲ್ಲೂ ಕಾಗದಾನ ಬೇಕವ್ವಾ, ಅಂದೆ."

ಗೆಳತಿಯರಿಗೆ ಹೇಳಿದರೂ ತಿಳಿಯಲಾರದ್ದು ಆಯಿಗೆ ಒಂದೇ ದಿನದಲ್ಲಿ ತಿಳಿದಿತ್ತು. ನನ್ನ ಸಿಟ್ಟು ಎಲ್ಲಿ ಹೋಯಿತೋ. ನಗು ಬಂತು, ನಾಚಿಕೆಯೂ ಆಯಿತು. ಇಬ್ಬರೂ ಕಾಲು ಚಾಚಿ ಕೂತೆವು. ನಾನು ಒಂದೊಂದೇ ಕಾಗದ ತೆಗೆದು ಓದಿದೆ, ಆಯಿ ಕಿವಿಗೊಟ್ಟು ಕೇಳಿದಳು. ಒಂದು ಯಾದಿಯಲ್ಲಿ, ಬಿಳಿ ಸೀರೆಯ ಅರಿಶಿಣದ ಕಲೆ ಹೋಗಿಲ್ಲ, ಮತ್ತೆ ಒಗೆಯಬೇಕು ಎಂದಿತ್ತು.

"ಅಯ್ಯ, ಅರಿಶಿಣಕ್ಕ ತಿಕ್ಕಿ ಏನ ಮಾಡ್ತಾರ? ಹಸೀದನ್ನ ಬಿಸಲಿಗೆ ಹಾಕಿದ್ರ ತಾನಾ ಹೋಗ್ತೈತಿ. ಹೇಳಿ ಬರ್ತೀನಿ ತಡಿ," ಎಂದು ಆಯಿ ನೆಲಕ್ಕೆ ಕೈಯೂರಿದಳು.

"ನಿಮಗ ಹೆಂಗ ಗೊತ್ತಾತ್ರಿ ಅಂತ ಕೇಳಿದ್ರ?"

"ನಾವು ಓದೇವಿ ಅಂತೀನಿ."

ಒಂದಕ್ಷರವೂ ಬಾರದ ಆಯಿ ಹಾಗೆಂದು ಎದ್ದೇಬಿಟ್ಟಳು. ನನಗಾದ ಸಂತೋಷ ಹೇಳತೀರದು. ಅವಳ ಚಪ್ಪಲಿ ಹುಡುಕಿ ತಂದು ಮುಂದಿಟ್ಟೆ.