ಎದುರು ಮನೆ ಕಾಕುವಿನ ಸಿಟ್ಟು

ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ಎದುರು ಮನೆಯಲ್ಲಿದ್ದ ಧಾರವಾಡದ ಹೆಂಗಸನ್ನು ನಾವು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಅವರಿಗೆ ಬಾಹ್ಯಾಕಾಶದ ಸೀರಿಯಲ್ ಎಂದರೆ ಪ್ರಾಣ. ಶನಿವಾರ ಸಂಜೆ ಹೊಸ ಕಂತು ನೋಡಲು ನಮ್ಮ ಮನೆಗೇ ಬರುತ್ತಿದ್ದರು. ಕಥೆಯಲ್ಲಿ ಯಾರಿಗಾದರೂ ಅನ್ಯಾಯವಾದರೆ ತೊಡೆ ತಟ್ಟಿಕೊಂಡು, "ಇದು ನ್ಯಾಯ ಅಲ್ಲ ಬಿಡ್ರಿ" ಎನ್ನುತ್ತಿದ್ದರು.

ಅವರಿಗೆ ತುಂಬ ಹಿಡಿಸಿದ್ದವನು ನೌಕೆಯ ಮುದಿ ಇಂಜಿನಿಯರ್. ಒಂದು ಕಂತಿನಲ್ಲಿ ಅವನು ಕಾಣಿಸಲೇ ಇಲ್ಲ. ಕೊನೆಗೆ ಕ್ಯಾಪ್ಟನ್, "ಇಂಜಿನ್ ರೂಮಿನಲ್ಲಿ ಒಬ್ಬ ಸತ್ತ, ಮುಂದೆ ಹೊರಡಿ" ಎಂದ. ನೌಕೆ ಹೊರಟೇಬಿಟ್ಟಿತು.

ಕಾಕು ಎದ್ದು ನಿಂತರು. "ಒಬ್ಬ ಅಂದ್ರ ಯಾರು? ಹೆಸರಿಲ್ಲೇನು ಅವಂಗ? ಇಷ್ಟು ದಿನ ಇದನ್ನ ನಡಿಸಿದಾಂವ ಅಂವ!"

"ಸೀರಿಯಲ್ ಅಲ್ವಾ ಕಾಕು, ಬಿಡಿ" ಎಂದೆ.

"ಏನ್ ಬಿಡೋದು? ನಮ್ಮ ಮನಿಯವ್ರು ಲೋಕಲ್ ಟ್ರೇನಿನಿಂದ ಬಿದ್ದು ಹೋದಾಗನೂ ಹಿಂಗ ಆತು. ಗಾಡಿ ಲೇಟ್ ಅಂತ ಅನೌನ್ಸ್ ಮಾಡಿದ್ರು. ಮಂದಿ ವಾಚ್ ನೋಡ್ಕೊಂಡ್ರು. ಅಷ್ಟ!"

ಅವರ ಗಂಡ ಹೇಗೆ ತೀರಿಕೊಂಡರೆಂದು ಅಲ್ಲಿಯವರೆಗೆ ನಮಗೆ ಗೊತ್ತಿರಲಿಲ್ಲ.

ಟಿವಿಯಲ್ಲಿ ಮುಂದಿನ ಕಂತಿನ ತುಣುಕು ಅಬ್ಬರದಿಂದ ಶುರುವಾಯಿತು. ಕಾಕು ನನ್ನ ಹೆಂಡತಿಯ ಕೈಯಿಂದ ರಿಮೋಟ್ ಕಸಿದುಕೊಂಡು ಟಿವಿ ಆರಿಸಿದರು.

"ಇಬ್ಬರೂ ಒಂದು ನಿಮಿಷ ಸುಮ್ನ ಕೂಡ್ರಿ" ಎಂದು ಗದರಿದರು.

ಕೂತೆವು. ಅವರು ಮಾತ್ರ ನಿಂತೇ ಇದ್ದರು.